ಎಡಗೈಯ ಹನ್ನೊಂದು ಬಳೆ

೧೯೯೩ರ ಡಿಸೆಂಬರಿನಲ್ಲಿ ಗೋವಾದ ಕಾಣಕೋಣದ ಸಮುದ್ರ ನೂರು ಮಾರು ಹಿಂದಕ್ಕೆ ಸರಿದಿತ್ತಲ್ಲ, ಅದು ನನ್ನ ಮೈಯ ಕಾವಿಗೆ ಹೆದರಿ. ನಾನು ಹೆಬ್ಬೆರಳು ಅದ್ದಿದ್ದೇ ತಡ, ನೀರು ಕೊತಕೊತ ಕುದಿಯಿತು. ಬೆಂದ ಬಂಗಡೆ ಮೀನು ತಾವಾಗಿಯೇ ದಂಡೆಗೆ ಬಂದು ಬಿದ್ದವು. ಆ ದಿನ ಮೂವತ್ತು ಮನೆಯವರು ಒಲೆ ಹಚ್ಚಲಿಲ್ಲ. ಇದು ಸುಳ್ಳಾದರೆ ನನ್ನ ಹೆಸರು ಚಾಂದಿಬಾಯಿ ಅಲ್ಲ.

ಆಗ ನನಗೆ ನಲವತ್ತಾರು. ವಿಜಾಪುರದ ಕಡೆಯ ನಮ್ಮ ಲಂಬಾಣಿ ತಾಂಡಾ ಬಿಟ್ಟು ಬಂದು ಹತ್ತು ವರ್ಷವಾಗಿತ್ತು. ಕನ್ನಡಿ ಹಚ್ಚಿದ ಚೀಲಗಳನ್ನು ದಂಡೆಯ ಮೇಲೆ ಮಾರುತ್ತಿದ್ದೆ, ಅದೂ ಏಳು ಭಾಷೆಯಲ್ಲಿ. ಅದರಲ್ಲಿ ಎರಡು ಭಾಷೆ ನಾನೇ ಹುಟ್ಟಿಸಿದ್ದು. ಮೈ ಮೇಲೆ ಕನ್ನಡಿಯ ಲಂಗ, ಎರಡೂ ತೋಳಿಗೆ ಮೊಣಕೈಯಿಂದ ಭುಜದ ತನಕ ಹನ್ನೊಂದು ಹನ್ನೊಂದು ಬಿಳಿ ಬಳೆ. ಕೆಳಗಿನದು ಸಣ್ಣದು, ಮೇಲೇರಿದಂತೆ ದೊಡ್ಡದು. ಗಂಡ ಇರುವ ತನಕ ಆ ಬಳೆ ತೋಳು ಬಿಡಬಾರದು. ಅವನ್ನು ತೆಗೆಯುವ ದಿನ ಒಂದಿದೆ. ಅದರ ಹೆಸರನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ಮನೆಯವನು ರೈಲು ಹಾದಿಯ ಸುರಂಗದಲ್ಲಿ ಬಂಡೆ ಕೊರೆದು ಮದ್ದು ತುಂಬುವ ಕೆಲಸಕ್ಕಿದ್ದ. ಮೂರು ಸಲ ಗಿಡ್ಡ ಸೈರನ್ ಕೂಗಿತೆಂದರೆ ಮದ್ದು ಹಾರಿಸುತ್ತಾರೆ. ಢಂ ಅಂದ ಮೇಲೆ ಒಂದು ಉದ್ದ ಸೈರನ್ ಬಂದರೆ ಎಲ್ಲರೂ ಕ್ಷೇಮ. ಕಾಣಕೋಣದಲ್ಲಿ ನಮ್ಮ ಹೆಂಗಸರೆಲ್ಲ ಆ ಉದ್ದ ಸೈರನ್ ಕೇಳಿದ ಮೇಲೆಯೇ ಬಿಟ್ಟ ಮಾತು ಮುಂದುವರಿಸುತ್ತಿದ್ದೆವು.

ಆ ಮಳೆಗಾಲದಿಂದ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಎದೆಯಿಂದ ನೆತ್ತಿಗೆ ಬೆಂಕಿ ಏರುವುದು, ಲಂಗದೊಳಗೆ ಬೆವರು ಹರಿಯುವುದು, ಹಿಂದೆಯೇ ಚಳಿ. ನಿದ್ದೆ ಇಲ್ಲ. ಚೌಕಾಸಿ ಮಾಡಿದ ಗಿರಾಕಿಯ ಮೇಲೆ ಚೀಲ ಎಸೆದುಬಿಡುವಷ್ಟು ಸಿಟ್ಟು. ಮುಟ್ಟು ಎರಡು ತಿಂಗಳು ಬರಲಿಲ್ಲ.

"ವೈನಿ, ಮೊಮ್ಮಗನಿಗೆ ಒಬ್ಬ ಕಾಕಾನ್ನ ಹಡ್ಯಾಕಿ ಏನ?" ಎಂದು ಪಕ್ಕದಲ್ಲಿ ಮಣಿಸರ ಮಾರುವ ನಾದಿನಿ ಫೂಲಿಬಾಯಿ ಕಿಚಾಯಿಸಿದಳು.

"ಹಡದ್ರ ನಿನ್ನ ಮಡಿಲಿಗೇ ಹಾಕ್ತೀನಿ, ಸುಮ್ನಿರು."

ಆಮೇಲೆ ಬಂದ ಮುಟ್ಟು ನಿಲ್ಲಲೇ ಇಲ್ಲ. ಹತ್ತೊಂಬತ್ತು ದಿನ. ಹೊತ್ತಿಗೊಂದು ಬಟ್ಟೆ ಬದಲಿಸುತ್ತಿದ್ದೆ, ಯಾರಿಗೂ ಹೇಳಲಿಲ್ಲ. ನಮ್ಮ ದೊಡ್ಡವ್ವ ಒಬ್ಬಳು ಹೀಗೆಯೇ ಬಾಯಿ ಮುಚ್ಚಿಕೊಂಡು, ರಕ್ತ ಹೋಗಿ ಹೋಗಿ, ತಾಂಡಾದಲ್ಲಿ ಸತ್ತಿದ್ದಳು. ಇಪ್ಪತ್ತನೆಯ ದಿನ ಮಧ್ಯಾಹ್ನ ನಾನು ಬಿದ್ದೆ ಎಂದು ಫೂಲಿ ಹೇಳುತ್ತಾಳೆ. ನಾನು ಬೀಳಲಿಲ್ಲ, ಭೂಮಿಯೇ ಎದ್ದು ಬಂದು ನನ್ನ ಹಣೆಗೆ ಬಡಿಯಿತು. ಅವಳು ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದಳು.

ಡಾಕ್ಟರ್ ಜುಲೇಖಾ ಕಾರವಾರದವರು, ಕನ್ನಡ ಬಲ್ಲವರು. ಗಂಡನ ಹೆಸರು ಕೇಳಿದರು. ನಾನು ಗೋಡೆ ನೋಡಿದೆ.

"ಠಾಕಪ್ಪ ಅಂತ ಬರಕೋರಿ. ನಮ್ಮಣ್ಣ," ಎಂದಳು ಫೂಲಿ ಬಾಗಿಲಿನಿಂದ.

ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಒಳಗೆ ಕೆಂಪು ಕಾಣಲಿಲ್ಲವೇನೋ, ಅವರ ಮುಖ ಬದಲಾಯಿತು.

"ಒಂದು ತೋಳಿನ ಬಳೆ ತೆಗೀರಿ. ಬಿಪಿ ನೋಡಬೇಕು."

"ಬಳಿ ಮ್ಯಾಲೇ ಕಟ್ರಿ."

"ಆಗೋದಿಲ್ಲ. ಇಪ್ಪತ್ತು ದಿನ ರಕ್ತ ಹೋಗಿದೆ ನಿಮಗೆ. ಮೈಯಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಾಗದೆ ನಾನು ನಿಮ್ಮನ್ನ ಮನೆಗೂ ಕಳಿಸೋ ಹಾಗಿಲ್ಲ, ಮಡಗಾಂವಿನ ದೊಡ್ಡ ಆಸ್ಪತ್ರೆಗೂ ಕಳಿಸೋ ಹಾಗಿಲ್ಲ."

"ನಮ್ಮ ಮನಿಯಾವ ಈಗ ಸುರಂಗದಾಗ ಅದಾನ್ರಿ. ಇದನ್ನ ತಗ್ಯಾಂಗಿಲ್ಲ."

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಿಡ್ಡ ಸೈರನ್ ಕೂಗಿತು. ಒಂದು. ಎರಡು. ಮೂರು.

ಈಗ ಕೇಳಿರಿ. ನಾನು ತೋಳನ್ನು ಮೇಜಿನ ಮೇಲೆ ಬಡಿದೆ. ಡಾಕ್ಟರು ಹೆದರಿ ಬಳೆಯ ಮೇಲೆಯೇ ಪಟ್ಟಿ ಕಟ್ಟಿದರು. ಗಾಳಿ ಒತ್ತಿದ್ದೇ ಪಾದರಸ ಸರ್ರನೆ ಮೇಲೇರಿ, ಗಾಜು ಒಡೆದು, ಮಾಡಿನ ಹಂಚು ತೂರಿ ಹೋಯಿತು. ಡಾಕ್ಟರು ಮೇಜಿನ ಕೆಳಗೆ ಸೇರಿದರು. ಆಗಲೇ ಗುಡ್ಡ ಢಂ ಅಂದಿತು. ಉದ್ದ ಸೈರನ್‌ಗಾಗಿ ಕಿವಿ ಕೊಟ್ಟೆ. ಬರಲಿಲ್ಲ. ತಡೆಯಲಾಗದೆ ಎದ್ದು ಓಡಿದೆ. ಎರಡು ಮೈಲಿಗೆ ಎಂಟೇ ಹೆಜ್ಜೆ. ಸುರಂಗದ ಬಾಯಿಯ ಹೊಗೆಯನ್ನು ಪರದೆಯಂತೆ ಸರಿಸಿ, ನನ್ನ ಗಂಡನನ್ನು ರಟ್ಟೆ ಹಿಡಿದು ಎಳೆದು ತಂದೆ. ಆಮೇಲೆ ನಾಚಿಕೊಂಡು ಉದ್ದ ಸೈರನ್ ಕೂಗಿತು.

ಇದನ್ನೇ ಆ ಸಂಜೆ ನಮ್ಮ ಜೋಪಡಿಯ ಮುಂದೆ ಕೈ ಬೀಸಿ ಬೀಸಿ ಫೂಲಿಗೂ ಅವನಿಗೂ ಹೇಳಿದೆ. ಅವನು ಕಿವಿಯೊಳಗಿನ ಬಂಡೆಪುಡಿ ಒರೆಸಿಕೊಳ್ಳುತ್ತ ಕೇಳುತ್ತಿದ್ದ. ನಾನು ಕೈ ಬೀಸಿದಾಗಲೆಲ್ಲ ಗಲಕ್, ಗಲಕ್ ಎಂದು ಸಪ್ಪಳ.

"ಎಡಗೈ ತಾ ಇಲ್ಲಿ," ಎಂದ.

"ಯಾಕ?"

"ತಾ ಅಂದೆ."

ಕೊಟ್ಟೆ. ಮೊಣಕೈ ಹತ್ತಿರದ ಬಳೆಯನ್ನು ಬೆರಳಿನಿಂದ ತಿರುಗಿಸಿದ. ಅದು ಸಡಿಲಾಗಿ ಗಿರ್ರನೆ ತಿರುಗಿತು.

"ಇದು ಭುಜದ ಬಳಿ. ಕೆಳಗ ಹೆಂಗ ಬಂತು?"

"ಓಡೋ ರಭಸಕ್ಕ ಇಳದಿರಬೇಕು."

"ಹತ್ತು ಬಳಿ ಜಿಗದು?"

ಫೂಲಿ ನಕ್ಕಳು. ಅವನು ನಗಲಿಲ್ಲ.

"ಇವತ್ತು ಮದ್ದು ತುಂಬಿದ ಒಂದು ಕುಳಿ ಸಿಡೀಲಿಲ್ಲ, ಅದಕ್ಕ ಸೈರನ್ ತಡ ಆತು. ನೀ ಬಂದಾಗ ಉದ್ದ ಸೈರನ್ ಆಗಿ ಅರ್ಧ ತಾಸಾಗಿತ್ತು. ನಾ ಚಹಾ ಕುಡದು ಕಪ್ಪು ತೊಳ್ಯಾಕತ್ತಿದ್ದೆ. ರಿಕ್ಷಾದಾಗ ಇಳದಿ ನೀನು, ಕೈಯಾಗ ಗುಳಗಿ ಚೀಟಿ ಇತ್ತು."

ಫೂಲಿಯ ನಗು ನಿಂತಿತು. ಅವಳ ಕಣ್ಣು ನನ್ನ ತೋಳಿನ ಮೇಲಿತ್ತು.

ಅವನು ಎಲ್ಲಕ್ಕೂ ಕೆಳಗಿನ ಬಳೆ ಜಾರಿಸಿ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡ. ಆಮೇಲೆ ಅದರ ಮೇಲಿನದು. ಬಿಸಿಲು ಕಾಣದ ನನ್ನ ತೋಳಿನ ಬಿಳಿಚಿದ ಚರ್ಮ ಹೊರಬಿತ್ತು. ಅವನು ತೆಗೆಯುತ್ತಲೇ ಹೋದ.

"ಸಮುದ್ರ ಇಳತಕ್ಕ ಹಿಂದ ಹೋಗಿತ್ತು," ಎಂದೆ. "ಮೀನು ನಾ ಬೇಯಿಸಲಿಲ್ಲ."

"ಅದು ಗೊತ್ತದ. ಮುಂದ ಹೇಳು."

"ಮೂರನೇ ಸೈರನ್ ಮುಗ್ಯೂದ್ರೊಳಗ ಹನ್ನೊಂದೂ ತಗದಿದ್ದೆ. ಸೈರನ್ ಕೂಗಿದ ಮ್ಯಾಲ ಡಾಕ್ಟರ್ ಬಾಯಿ ಮತ್ತ ಹೇಳಬೇಕಾಗಲೇ ಇಲ್ಲ. ಪಾದರಸ ಏರಲಿಲ್ಲ, ಇಳೀತು. ಕೊಳವಿ ಕಿವಿಗಿಟ್ರೂ ತೊಂಬತ್ತರ ತನಕ ಆಕಿಗೆ ನಾಡಿ ಸಪ್ಪಳ ಕೇಳಲಿಲ್ಲಂತ, ಬಿಪಿ ಅಷ್ಟು ಇಳದಿತ್ತು. ಅಲುಗಾಡಬ್ಯಾಡ, ಮತ್ತೊಮ್ಮೆ ನೋಡ್ತೀನಿ ಅಂದ್ಲು. ಆಗ ಢಂ ಅಂತು. ಬಳಿ ನನ್ನ ಮಡಿಲಾಗ ಇದ್ದವು. ಹಾಕ್ಕೊಂಡು ಓಡಬಹುದಿತ್ತು. ಕುಂತೆ. ಬೆರಳು ಚುಚ್ಚಿ ರಕ್ತ ನೋಡಿದ್ರು, ನೀರಿನಂಗ ತೆಳುವಾಗೇತಿ. ಹೊಟ್ಟಿ ಒತ್ತಿ ನೋಡಿದ್ರು. ಬಸುರಿ ಅಲ್ಲ. ಮುಟ್ಟು ನಿಲ್ಲೂ ಮೊದಲಿನ ಕಾಲ ಅಂತ ಇದು. ಮೈಯಾಗಿನ ಹಾರ್ಮೋನು ಒಂದು ತಿಂಗಳು ಏರತೈತಿ, ಒಂದು ತಿಂಗಳು ಇಳೀತೈತಿ, ಅದಕ್ಕ ಈ ಬೆಂಕಿ, ಬೆವರು, ಸಿಟ್ಟು. ಅದು ರೋಗ ಅಲ್ಲ, ವರ್ಷಗಟ್ಟಲೆ ನಡೀಬಹುದು. ಆದ್ರ ಇಷ್ಟು ದಿನ ರಕ್ತ ಹೋಗೂದನ್ನ ವಯಸ್ಸಿಂದು ಅಂತ ಬಿಡಬಾರದು, ಮಡಗಾಂವಿಗೆ ಹೋಗಿ ಗರ್ಭಚೀಲ ತೋರಸ್ಬೇಕು ಅಂದ್ಲು. ಕಬ್ಬಿಣದ ಗುಳಗಿ, ರಾಗಿ, ಸೊಪ್ಪು, ಹಾಲು. ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕೂದು ಬಿಡಬೇಕು, ಊಟದ ಬೆನ್ನಿಗೆ ಚಹಾ ಬ್ಯಾಡ. ವರ್ಷಪೂರ್ತಿ ಮುಟ್ಟು ಬರದಿದ್ರಷ್ಟೇ ಮುಗೀತು ಅಂತ ತಿಳೀಬೇಕು. ಒಂದು ಮಾತೂ ಬಿಡದಂಗ ಕೇಳಿದೆ. ನೋಡು, ಎಲ್ಲಾ ನೆನಪೈತಿ."

"ಸೈರನ್?"

"ಚೀಟಿ ಬರಿಯೂ ಮುಂದ ಬಂತು. ಅಲ್ಲೀತನಕ ಇರಲಿಲ್ಲ."

ಹನ್ನೊಂದೂ ಬಳೆ ಅವನ ಮಡಿಲಲ್ಲಿದ್ದವು. ಸಣ್ಣದರಿಂದ ದೊಡ್ಡದಕ್ಕೆ ಸಾಲು ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಅಷ್ಟೊತ್ತು ಏನ ಮಾಡಿದಿ?"

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಚಲೋ ಸುಳ್ಳು. ನುಂಗಿದೆ.

"ನಿನ್ನ ಜೀವ ಉಳೀಲಿ ಅಂತ ಬೇಡ್ಕೊಳ್ಳಲಿಲ್ಲ," ಎಂದೆ. "ಪಾದರಸ ಏರಲಿ ಅಂತ ಬೇಡ್ಕೊಂಡೆ."