ಗೇರ್ ಹಾಕಿಸಿದ ಮೇಲೆ

ದರ್ಜಿ ಮತ್ತೆ ಕುರ್ಚಿಯಿಂದೆದ್ದ. ತೀರಿಕೊಂಡ ಹೆಂಡತಿಯನ್ನು ಮಲಗಿಸಿದ್ದ ನಡುಮನೆಯ ಬಾಗಿಲ ಪಕ್ಕ ಬಿಳಿ ಅಂಗಿಯ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ದರ್ಜಿ ಅವನ ಕಾಲರ್ ನೋಡಿದ, ತೋಳು ನೋಡಿದ. ತನ್ನ ಕೈಯ ಹೊಲಿಗೆಯಲ್ಲ. ಅಂದಮೇಲೆ ಗಿರಾಕಿಯಲ್ಲ. ನೆಂಟನಂತೂ ಅಲ್ಲವೇ ಅಲ್ಲ. ಮತ್ತೆ ಇವನ್ಯಾರು?

"ಕೂತ್ಕೊಳ್ಳೋ. ಕಾಲಿಗೇನು ಚಕ್ರ ಕಟ್ಕೊಂಡಿದೀಯಾ?" ಎಂದಳು ಅಕ್ಕ.

"ಅಕ್ಕಾ, ಆ ಬಿಳಿ ಅಂಗಿ ಯಾರು?"

"ನಿಮ್ಮನೆಗೆ ಬಂದವರು ಯಾರು ಅಂತ ನನ್ನ ಕೇಳ್ತೀಯಲ್ಲ! ಯಾರೋ ಪಾಪ. ನಿನಗಿಂತ ಚೆನ್ನಾಗಿ ಅಳ್ತಿದಾನೆ."

ವರ್ಷದಿಂದ ದರ್ಜಿಯ ತಲೆ ಕೊರೆಯುತ್ತಿದ್ದ ಹುಳು ಇವತ್ತು ಮೈತುಂಬ ಹರಿದಾಡುತ್ತಿತ್ತು.

*

ಅಗ್ಗದ ಸೈಕಲ್ಲು ಅದು. ಹೊಲಿದ ಬಟ್ಟೆ ಕೊಟ್ಟು, ನೂಲು, ಗುಂಡಿ ತರುವುದಕ್ಕೆಂದೇ ಕೊಂಡದ್ದು. ಅವನು ಮಿಷನ್ನು ಬಿಟ್ಟು ಏಳುವವನಲ್ಲ, ಓಡಾಟವೆಲ್ಲ ಹೆಂಡತಿಯದೇ. ಗುಂಡಿ ಅಂಗಡಿ ಗುಡ್ಡದ ಅರ್ಧಕ್ಕೆ. ಏರಿನಲ್ಲಿ ಅವಳು ಇಳಿದು ತಳ್ಳಿಕೊಂಡು ಹೋಗಿ ಬರುವಷ್ಟರಲ್ಲಿ ಇಲ್ಲಿ ಅವನ ಕೆಲಸ ನಿಂತುಹೋಗುತ್ತಿತ್ತು. ಅದಕ್ಕೇ ಹಗುರಾಗಿ ಏರು ಹತ್ತುವ ಹೊಸ ಗೇರ್ ಹಾಕಿಸಿದ.

"ಈ ಡಕೋಟಾ ಗಾಡಿಗ್ಯಾಕೆ ಸ್ವಾಮಿ ಗೇರು?" ಎಂದು ಸೈಕಲ್ ಅಂಗಡಿಯವನು ನಕ್ಕಿದ್ದ.

"ಇನ್ಮೇಲೆ ಬೇಗ ಬರ್ತೀಯ," ಎಂದು ದರ್ಜಿ ಹೆಂಡತಿಗೆ ಹೇಳಿದ.

ಅವಳು ಇನ್ನೂ ತಡವಾಗಿ ಬರತೊಡಗಿದಳು.

"ಎಲ್ಲಿ ಹೋಗಿದ್ದೆ?"

"ಗೇರ್ ಅಭ್ಯಾಸ ಆಗ್ಬೇಕಲ್ರೀ."

ತಿಂಗಳುಗಳಾದರೂ ಅಭ್ಯಾಸವಾಗಲಿಲ್ಲ. ಮುಖ ಕೆಂಪಗಾಗಿ, ಕೂದಲು ಕೆದರಿ, ತನ್ನಷ್ಟಕ್ಕೆ ನಗುತ್ತ ಬರುತ್ತಿದ್ದಳು. ಮದುವೆಯಾದಾಗಿನಿಂದ ದನಿ ಎತ್ತಿ ಒಂದು ಮಾತಾಡದ ಹೆಂಗಸು. ಎಲ್ಲಿ ನಿಜ ಹೇಳಿಬಿಡುತ್ತಾಳೋ ಎಂದು ಹೆದರಿ ಅವನು ಕೇಳುವುದನ್ನೇ ಬಿಟ್ಟ. ನಿನ್ನೆ ಎದೆನೋವೆಂದು ಮಲಗಿದವಳು ಏಳಲಿಲ್ಲ. ಇನ್ನು ಕೇಳುವುದು ಯಾರನ್ನ?

*

ವ್ಯಾನು ಬಂತು. ಹೆಣ ಎತ್ತಲು ಬಿಳಿ ಅಂಗಿಯವನೂ ಮುಂದೆ ಬಂದ. ದರ್ಜಿ ಅವನ ಮೊಣಕೈ ಹಿಡಿದು ಮೂಲೆಗೆ ಎಳೆದ.

"ನಿಮಗೆ ಅವಳು ಹೇಗೆ ಗೊತ್ತು?"

"ಗುಡ್ಡದ ಮೇಲೆ ನೀರಿನ ಟ್ಯಾಂಕ್ ಇದೆಯಲ್ಲ, ಅದರ ಕಾವಲುಗಾರ ನಾನು. ಅಮ್ಮ ದಿನಾ ಬರೋರು."

"ಯಾಕೆ ಬರ್ತಿದ್ಲು?"

"ಇಳಿಯೋಕೆ."

"ಏನು?"

"ಇಳಿಯೋಕೆ ಸಾರ್. ತುದಿವರೆಗೂ ತುಳ್ಕೊಂಡು ಬಂದು, ಸೈಕಲ್ ತಿರುಗಿಸಿ, ಎರಡೂ ಕಾಲೆತ್ತಿ ಬಿಟ್ಟುಬಿಡೋರು. ಬ್ರೇಕೇ ಹಿಡೀತಿರಲಿಲ್ಲ. 'ಹೋ...' ಅಂತ ಕೂಗ್ಕೊಂಡು ಹೋಗೋರು. 'ನಮ್ಮನೆಯವರು ಗೇರ್ ಹಾಕಿಸಿಕೊಟ್ರು' ಅಂತ ಎಷ್ಟು ಸಲ ಹೇಳಿದಾರೋ."

"ಕೂಗ್ತಿದ್ಲಾ? ಅವಳಾ?"

"ಟ್ಯಾಂಕ್ ಮೇಲಿನ ಪಾರಿವಾಳ ಎಲ್ಲ ಹಾರಿಹೋಗೋವು ಸಾರ್."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಆ ದನಿ ತನ್ನ ಕಿವಿಗೆ ಬೀಳಲಿಲ್ಲವಲ್ಲ! ದರ್ಜಿಗೆ ಹೊಟ್ಟೆಕಿಚ್ಚಾಯಿತು. ಕಾವಲುಗಾರನ ಮೇಲೆ, ಅವನ ಪಾರಿವಾಳಗಳ ಮೇಲೆ.

ಸ್ಮಶಾನ ಗುಡ್ಡದ ಆಚೆಗಿತ್ತು. ವ್ಯಾನು ಏರು ಹತ್ತಿ, ಟ್ಯಾಂಕು ದಾಟಿ, ಇಳಿಜಾರಿಗೆ ಬಂತು. ಸಾವಿಗೆ ಮರ್ಯಾದೆ ಕೊಟ್ಟು ಡ್ರೈವರ್ ಬ್ರೇಕ್ ಒತ್ತಿಕೊಂಡೇ ಇಳಿಸುತ್ತಿದ್ದ. ಪಕ್ಕದಲ್ಲಿ ಕೂತ ದರ್ಜಿ ಚಡಪಡಿಸಿದ.

"ಬ್ರೇಕ್ ಬಿಡಪ್ಪ."

"ಸಾರ್, ಹಿಂದೆ ಬಾಡಿ ಇದೆ."

"ಅದಕ್ಕೇ ಹೇಳ್ತಿರೋದು. ಬಿಡು."

ಡ್ರೈವರ್ ಅವನ ಮುಖ ನೋಡಿ ಕಾಲೆತ್ತಿದ. ವ್ಯಾನು ಓಡತೊಡಗಿತು. ಹಿಂದಿನ ಸೀಟಿನಲ್ಲಿ ಅಕ್ಕ "ಅಯ್ಯಯ್ಯೋ" ಎನ್ನುತ್ತಿದ್ದಂತೆ ದರ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯಿ ದೊಡ್ಡದಾಗಿ ತೆರೆದು, "ಹೋ..." ಎಂದು ಕೂಗಿದ.