ಎಂಟನೇ ತಿಂಗಳ ಹದಿನಾರು

ಸತ್ತವರ ಹೆಸರು ಕಂಡರೆ ಅಂಗೈ ಬೆವರುತ್ತದೆಂದು ಯಾರಲ್ಲಿ ಹೇಳಿಕೊಳ್ಳುವುದು? ಪೈ-ಯುನ್ ಬಸ್ಸಿನಲ್ಲೇ ಡೈರಿ ತೆಗೆದು ಬರೆದಳು: 'ಈ ಸೋಮವಾರವೂ ಆ ಹೆಸರು ಬಂದರೆ ನನಗೆ ತಲೆ ಕೆಟ್ಟಿದೆ ಎಂದೇ ಅರ್ಥ.'

ತೈವಾನಿನ ದಕ್ಷಿಣದ ಊರೊಂದರ ಸಂಚಾರ ಠಾಣೆಯಲ್ಲಿ ಅವಳದು ಗುತ್ತಿಗೆ ಕೆಲಸ. ಊರ ಜನ ತೆಗೆದು ಕಳಿಸುವ ಫೋಟೊ ನೋಡಿ, ಯಾವುದಕ್ಕೆ ದಂಡ, ಯಾವುದು ವಾಪಸ್ ಎಂದು ವಿಂಗಡಿಸಬೇಕು. ತಪ್ಪು ನಡೆದು ಏಳು ದಿನ ದಾಟಿದರೆ ದೂರು ಸಲ್ಲದು. ಮೇಲಿನವರಾದ ಕೋ ಸಾಹೇಬರಿಗೆ ಬಾಕಿ ಪಟ್ಟಿ ಗಿಡ್ಡವಾದರೆ ಸಾಕು. ಅವರದು ಒಂದೇ ಮಾತು:

"ಪಾರ್ಕಿಂಗ್ ದೂರನ್ನೆಲ್ಲ ಏನಮ್ಮಾ ಅಷ್ಟು ಓದ್ತೀಯ, ಪರೀಕ್ಷೆಗೆ ಕೂತಿದೀಯಾ? ತಾರೀಖು ನೋಡು, ಹಳೇದಾದ್ರೆ ತಳ್ಳು. ನಮ್ಮ ಹುಡುಗ್ರು ದೊಡ್ಡ ರಸ್ತೇಲಿ ಸ್ಕೂಟರ್ ಹಿಡೀತಿದಾರಲ್ಲ, ಅದೇ ಸಾಕು."

ಆ ಹೆಸರು ನಿವೃತ್ತರಾಗಿದ್ದ ಯೆನ್ ಮೇಷ್ಟ್ರದು. ಅವರು ಮೊದಲ ಸಲ ಕಳಿಸಿದ ಫೋಟೊದಲ್ಲಿ ಮಾರುಕಟ್ಟೆ ಮೂಲೆಯ ಜೀಬ್ರಾ ಪಟ್ಟೆಯ ಮೇಲೇ ಬಿಳಿ ವ್ಯಾನು ನಿಂತಿತ್ತು. ತಾರೀಖು, ಎಂಟನೇ ತಿಂಗಳ ಹದಿನಾರು. ಆಗಸ್ಟ್ ಎಂದು ಓದಿದರೆ ಏಳು ದಿನ ಎಂದೋ ದಾಟಿತ್ತು, ಆಗ ಅಕ್ಟೋಬರ್ ನಡೆಯುತ್ತಿತ್ತು. ಅವಳು 'ಅವಧಿ ಮೀರಿದೆ' ಒತ್ತಿದಳು, ದೂರು ಠಾಣೆಯ ಪಟ್ಟಿಯಿಂದಲೇ ಅಳಿಸಿಹೋಯಿತು.

ಒತ್ತುವ ಮೊದಲೇ ಕಣ್ಣಿಗೆ ಬಿದ್ದಿತ್ತು: ವ್ಯಾನಿನ ಹಿಂದೆ, ಅಂಗಡಿ ಮುಂದೆ ಮೇಜು, ಹಣ್ಣು, ಊದುಬತ್ತಿ, ಪೂಜೆಯ ಕಾಗದ ಸುಡುವ ಡಬ್ಬ. ಅಂಗಡಿಯವರು ಹಾಗೆ ಪೂಜೆಗಿಡುವುದು ಚಾಂದ್ರಮಾನದ ಎರಡನೇ ದಿನ, ಇಲ್ಲವೇ ಹದಿನಾರನೇ ದಿನ. ಮೇಷ್ಟ್ರು ಹಳೇ ಕಾಲದವರು, ಪಂಚಾಂಗದ ತಾರೀಖು ಬರೆದಿದ್ದರು. ಆ ಲೆಕ್ಕದಲ್ಲಿ ಫೋಟೊ ಎರಡೇ ದಿನ ಹಿಂದಿನದು. ಒಂದು ಫೋನ್ ಮಾಡಿ ತಿದ್ದಿಸಬಹುದಿತ್ತು. ಆದರೆ ಗುರುತಿಲ್ಲದವರಿಗೆ ಫೋನ್ ಮಾಡುವುದನ್ನು ಅವಳು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದಳು.

ಹತ್ತು ದಿನಕ್ಕೆ, ಅದೇ ಪಟ್ಟೆಯಲ್ಲಿ, ಅದೇ ವ್ಯಾನಿನ ಮರೆಯಿಂದ ಕಾಲಿಟ್ಟ ಮೇಷ್ಟ್ರಿಗೆ ಕಾರು ಬಡಿಯಿತು. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಿತ್ತು.

ಆಮೇಲೆ ಪ್ರತಿ ಸೋಮವಾರ ಅವರ ಹೆಸರಿನಲ್ಲೇ ದೂರು. ಅದೇ ಮೂಲೆ, ಅದೇ ವ್ಯಾನು, ತಾರೀಖೂ ಪಂಚಾಂಗದ್ದೇ. ಫೋಟೊ ಮಾತ್ರ ಓರೆ, ಹಿಡಿದ ಕೈ ನಡುಗಿದಂತೆ. ಅವಳು ದಂಡಕ್ಕೂ ಹಾಕಲಿಲ್ಲ, ವಾಪಸೂ ಕಳಿಸಲಿಲ್ಲ, ಪಟ್ಟಿಯ ತಳಕ್ಕೆ ದೂಡಿದಳು. ಬಸ್ಸಿನ ಕಿಟಕಿಯಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಬಿಳಿ ಪಟ್ಟೆಗಳೇ ಕಾಣುತ್ತಿದ್ದವು.

ಈ ಸೋಮವಾರವೂ ಹೆಸರು ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಆ ಮೂಲೆಗೆ ನಡೆದೇ ಹೋದಳು.

ವ್ಯಾನು ನಿಂತಿತ್ತು. ಅದರೆದುರು ಮುದುಕಿಯೊಬ್ಬಳು ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದಿದ್ದಳು.

"ಐದೇ ನಿಮಿಷ ಅಜ್ಜಿ! ಮೀನು ಇಳಿಸಿ ಹೊರಟೆ," ಎಂದು ಡ್ರೈವರ್ ಕೂಗಿದ.

"ನಿನ್ನ ಐದು ನಿಮಿಷದಲ್ಲೇ ಕಣೋ ನಮ್ಮವರು ಹೋಗಿದ್ದು!"

ಅವನು ತಲೆ ತಗ್ಗಿಸಿ ವ್ಯಾನು ತೆಗೆದ. ಮುದುಕಿ ತಿರುಗಿ, ಪೈ-ಯುನ್‌ಳ ಕೊರಳಿನ ಗುರುತಿನ ಚೀಟಿ ನೋಡಿದಳು.

"ಪೊಲೀಸಿನೋಳಾ ಮಗಳೇ?"

"ಅಲ್ಲ... ಹೂಂ. ಫೋಟೊ ನೋಡೋಳು."

"ಅಂತೂ ಒಬ್ಬರು ಬಂದ್ರಲ್ಲ! ಠಾಣೇಲಿ ಕೇಳಿದ್ರೆ ಅವರ ದೂರೇ ಬಂದಿಲ್ಲ ಅಂದ್ರು. ಮಗ ಬೇರೆ, 'ಅಪ್ಪ ಫೋನಲ್ಲಿ ಏನೋ ತಪ್ಪು ಒತ್ತಿರ್ಬೇಕು ಬಿಡಮ್ಮ' ಅಂತಾನೆ. ನಲವತ್ತು ವರ್ಷ ಪಾಠ ಹೇಳಿದೋರು ಕಣೆ. ಅದಕ್ಕೇ ಅವರ ಫೋನಿಂದ್ಲೇ ಕಳಿಸ್ತಿದೀನಿ. ನೀನೇ ಹೇಳು, ಬಂದಿರ್ಲಿಲ್ವಾ?"

'ಬಂದಿರಲಿಲ್ಲ' ಎಂಬ ಮಾತು ಪೈ-ಯುನ್‌ಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಅಜ್ಜಿ ಒಪ್ಪುತ್ತಾಳೆ, ಮನೆಗೆ ಹೋಗುತ್ತಾಳೆ. ತಪ್ಪು ಮಾತ್ರ ಸತ್ತವರ ಮೇಲೇ ಉಳಿಯುತ್ತದೆ.

"ಬಂದಿತ್ತು ಅಜ್ಜಿ," ಎಂದಳು. "ಪಂಚಾಂಗದ ತಾರೀಖು ಅಂತ ನಂಗೆ ಗೊತ್ತಾಗಿತ್ತು. ಗೊತ್ತಿದ್ದೂ ವಾಪಸ್ ಹಾಕಿದ್ದು ನಾನೇ."