ಆರನೇ ನಂಬರಿನ ಚೆಂಡು

ಏಳು ವರ್ಷದ ಹಿಂದೆ, ಮಕ್ಕಳ ವಾರ್ಡಿನ ಕಿಟಕಿ ಪಕ್ಕದ ಮಂಚದ ಮೇಲೆ ಕೂತು, ಅವಳು ಮಗಳಿಗೊಂದು ಮಾತು ಕೊಟ್ಟಿದ್ದಳು. ಅದಕ್ಕೆ ಮುಂಚೆ, ಏನೂ ನೋವಾಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದು ನಂಬಿಸಿ ಮಗುವಿನ ಬೆನ್ನುಮೂಳೆಗೆ ಸೂಜಿ ಹಾಕಿಸಿದ್ದಳು. ಇರುವೆಯಲ್ಲ ಅದು. ಮಗು ಕಿರುಚಿ ಕಿರುಚಿ ಸುಸ್ತಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು, ಎರಡು ದಿನ ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ತಾಯಿ ಅದರ ಪುಟ್ಟ ಪಾದ ಹಿಡಿದುಕೊಂಡು, “ಇನ್ಮೇಲೆ ನಿನಗೆ ಯಾವತ್ತೂ ಸುಳ್ಳು ಹೇಳಲ್ಲ ಕಂದಾ,” ಎಂದಳು. ಮಗು ಈ ಕಡೆ ಹೊರಳಿ, “ಪಕ್ಕಾ?” ಎಂದು ಕೇಳಿತು.

“ಪಕ್ಕಾ.”

ಮಾತು ಕೊಟ್ಟು ಮೂರು ತಿಂಗಳೂ ತುಂಬಿರಲಿಲ್ಲ. ಹೊಸ ಊರು, ಹೊಸ ಶಾಲೆ. ಗುಮಾಸ್ತ ಕನ್ನಡಕದ ಮೇಲಿಂದ ಮಗುವನ್ನು ನೋಡಿದ. ಎರಡು ವರ್ಷ ಜ್ವರದಲ್ಲೇ ಬೆಂದ ಮಗು, ಮೇಜಿನ ಅಂಚಿಗೆ ಹಣೆಯೂ ಎಟುಕುತ್ತಿರಲಿಲ್ಲ. ಅದನ್ನು ಆಡಲು ಹೊರಗೆ ಕಳಿಸಿದ ಮೇಲೆ ಗುಮಾಸ್ತ ಕೇಳಿದ.

“ಆರು ವರ್ಷ ಅಂತೀರಾ? ಇವಳಿಗಾ? ಆ ದಾಂಡಿಗರ ಮಧ್ಯೆ ಕೂರಿಸಿದ್ರೆ ಬ್ಯಾಗಿನ ಜೊತೆ ಇವಳನ್ನೂ ಗೂಟಕ್ಕೆ ನೇತು ಹಾಕ್ತಾರೆ. ನಾಲ್ಕು ಅಂತ ಬರ್ಕೊಳ್ಲಾ? ಪುಟ್ಟ ಮಕ್ಕಳ ಜೊತೆ ಇರ್ಲಿ.”

“ಬರ್ಕೊಳ್ಳಿ,” ಎಂದಳು ತಾಯಿ. ಜನನ ಪತ್ರ ಕಳೆದುಹೋಗಿದೆ ಎಂದೂ ಸೇರಿಸಿದಳು.

ಅದು ಗುಮಾಸ್ತನಿಗೆ ಹೇಳಿದ ಸುಳ್ಳು, ಮಗಳಿಗಲ್ಲ. ಹೀಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವತ್ತಿನಿಂದ ಮಗಳೆದುರು ಆ ಅಂಕಿಯನ್ನು ಬಾಯಿಬಿಟ್ಟು ಆಡಲೇ ಇಲ್ಲ. ಹುಟ್ಟಿದ ದಿನ ಬಂದರೆ, “ಇನ್ನೊಂದು ವರ್ಷ ದೊಡ್ಡವಳಾದೆ ನೋಡು,” ಎಂದು ತಲೆ ಸವರುವಳು. ಎಷ್ಟನೆಯ ವರ್ಷ ಎನ್ನುವಳಲ್ಲ. ಮಗುವಿಗೋ, ಹಳೆಯ ಹುಟ್ಟುಹಬ್ಬಗಳೆಲ್ಲ ಜ್ವರದ ಮಂಪರಿನಲ್ಲಿ ಕಳೆದುಹೋಗಿದ್ದವು. ಶಾಲೆಯ ಪುಸ್ತಕ ಏನು ಹೇಳಿತೋ ಅದೇ ಅದರ ವಯಸ್ಸು. ಗುಟ್ಟು ಗೊತ್ತಿದ್ದದ್ದು ತಾಯಿಗೆ, ತಂದೆಗೆ, ತಾಯಿಯ ತಂಗಿಗೆ, ಮೂವರಿಗೆ ಮಾತ್ರ.

ಈಗ ಗುಬ್ಬಿಗೆ ಪುಸ್ತಕದ ಪ್ರಕಾರ ಹನ್ನೊಂದು. ಎಲ್ಲರ ಬಾಯಲ್ಲೂ ಅವಳು ಗುಬ್ಬಿಯೇ. ಮೈಯಲ್ಲಿ ಹನ್ನೊಂದಕ್ಕಿಂತ ಒಂದು ಹಿಡಿ ಕಡಿಮೆಯೇ ಇದ್ದಳು. ನಿಜವಾಗಿ ಅವಳಿಗೆ ಹದಿಮೂರು ತುಂಬಿತ್ತು. ಹನ್ನೆರಡರೊಳಗಿನ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಶಾಲೆಯ ತಂಡದಲ್ಲಿ ಅವಳ ಹೆಸರು ಮೊದಲು.

ತಾಯಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಪಾಳಿ ಅದಲುಬದಲು ಮಾಡಿಕೊಂಡು, ತಂಗಿಯನ್ನು ಜೊತೆ ಮಾಡಿಕೊಂಡು ಪಂದ್ಯಕ್ಕೆ ಬಂದಿದ್ದಳು. ಸಿಮೆಂಟಿನ ಮೆಟ್ಟಿಲ ಮೇಲೆ ಕೂತಾಗಿನಿಂದ ಅವಳ ಕಣ್ಣು ಮಗಳ ಮೇಲಿರಲಿಲ್ಲ, ರೆಫರಿಯ ಮೇಜಿನ ಮೇಲಿತ್ತು. ನರೆತ ಕೂದಲನ್ನು ಗಟ್ಟಿಯಾಗಿ ಕಟ್ಟಿದ್ದ ರೆಫರಿ ಮೇಡಂ ಒಂದೊಂದೇ ಚೆಂಡನ್ನು ಪುಟ್ಟ ತಕ್ಕಡಿಗೆ ಇಡುವುದು, ಟೇಪು ಸುತ್ತಿ ಅಳೆಯುವುದು, ಬೆರಳಿನಿಂದ ಒತ್ತಿ ನೋಡುವುದು ಮಾಡುತ್ತಿದ್ದರು.

“ಅಷ್ಟೊಂದು ತೂಗೋದಕ್ಕೆ ಅದೇನು ಚಿನ್ನವಾ?” ಎಂದಳು ತಂಗಿ.

“ಮಕ್ಕಳದ್ದು ಐದನೇ ನಂಬರ್. ನಾನೂರ ಎಪ್ಪತ್ತರಿಂದ ಐನೂರು ಗ್ರಾಂ ಒಳಗಿರ್ಬೇಕು. ದೊಡ್ಡ ಹುಡುಗೀರಿಗೆ, ಹೆಂಗಸರಿಗೆ ಆರು. ಅದು ಐನೂರ ಹತ್ತರಿಂದ ಶುರು, ಸುತ್ತಳತೆ ಎಪ್ಪತ್ತೆರಡು ಸೆಂಟಿಮೀಟರ್ ಮೇಲೆ. ಗಂಡಸರದ್ದು ಏಳು. ಅದಂತೂ ಆರುನೂರರ ಹತ್ತಿರ.”

“ಅಬ್ಬಾ, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸ್ತಿದೀಯಲ್ಲ!”

ಒಪ್ಪಿಸದೆ ಏನು? ಅಂಗಡಿಗಳಲ್ಲಿ, ಶಾಲೆಯ ಗೋಡೆಯಲ್ಲಿ, ಎಲ್ಲಿ ಚೆಂಡಿನ ಅಳತೆಯ ಪಟ್ಟಿ ಕಂಡರೂ ಅವಳು ನಿಂತು ಮತ್ತೆ ಮತ್ತೆ ಓದುತ್ತಿದ್ದಳು. ಹನ್ನೆರಡರವರೆಗೆ ಐದು, ಆಮೇಲೆ ಆರು. ಗೆರೆ ಎಳೆದ ಹಾಗೆ. ತನ್ನ ಮಗಳು ಆ ಗೆರೆ ದಾಟಿ ವರ್ಷದ ಮೇಲಾಗಿತ್ತು.

ಮನೆಯಲ್ಲಿ ಇದ್ದದ್ದು ಒಂದೇ ಚೆಂಡು, ಗುಬ್ಬಿಯ ದೊಡ್ಡಮ್ಮನ ಮಗಳು ಆಡಿ ಬಿಟ್ಟ ಆರನೇ ನಂಬರಿನದು. ಲಾಂಡ್ರಿಯ ಹಿಂದೆ ಚಾದರ ಒಣಹಾಕುವ ಅಂಗಳದಲ್ಲಿ, ಕಂಬಕ್ಕೆ ಬುಟ್ಟಿಯ ಬದಲು ಬಕೆಟ್ಟಿನ ಬಳೆ ಕಟ್ಟಿಕೊಟ್ಟದ್ದು ತಂದೆ. ಬಸ್ ಡಿಪೋದ ಮೆಕ್ಯಾನಿಕ್ ಅವನು, ಏನನ್ನಾದರೂ ಎಲ್ಲಿಗಾದರೂ ಬಿಗಿಯಬಲ್ಲ. “ಭಾರದ್ದರಲ್ಲಿ ಕೈ ಪಳಗ್ಲಿ. ಆಮೇಲೆ ಹಗುರದ್ದು ನೀರು ಕುಡಿದ ಹಾಗೆ,” ಎಂದಿದ್ದ. ತಾಯಿ ಚಾದರ ಮಡಿಸುತ್ತ ಮಡಿಸುತ್ತ ಸಂಜೆಗಳ ಲೆಕ್ಕ ತಪ್ಪಿಹೋಗುವಷ್ಟು ದಿನ ಆ ಡಬ್ ಡಬ್ ಸದ್ದು ಕೇಳಿದ್ದಳು. ಅದು ಅಪಾಯದ ಸದ್ದು ಎಂದು ಆಗ ಹೊಳೆದಿರಲಿಲ್ಲ.

ಪಕ್ಕದ ಅಂಕಣದಲ್ಲಿ ದೊಡ್ಡ ಹುಡುಗಿಯರ ಅಭ್ಯಾಸ ನಡೆದಿತ್ತು. ಅಲ್ಲಿಂದೊಂದು ಚೆಂಡು ಗೆರೆ ದಾಟಿ ಉರುಳಿ ಬಂದು ಗುಬ್ಬಿಯ ಕಾಲಿಗೆ ತಾಕಿತು. ಅವಳ ಜೊತೆಗಾತಿಯೊಬ್ಬಳು ಅದನ್ನೆತ್ತಿ ಬುಟ್ಟಿಗೆ ಎಸೆದಳು. ಚೆಂಡು ಬಲೆಯ ತುದಿಯನ್ನೂ ಮುಟ್ಟದೆ ಬಿತ್ತು. ಮತ್ತೊಬ್ಬಳು ಎರಡೂ ಕೈಯಿಂದ, ಸೊಂಟದ ಕೆಳಗಿಂದ ಎಸೆದಳು. ಊಹೂಂ.

“ಕೊಡಿಲ್ಲಿ, ಕೊಡಿಲ್ಲಿ,” ಎಂದಳು ಗುಬ್ಬಿ.

ಬೇಡ ಕಣೇ, ಎಂದು ತಾಯಿ ಮನಸ್ಸಿನಲ್ಲೇ ಕೂಗಿದಳು. ಮೆಟ್ಟಿಲ ಮೇಲೆ ಅರ್ಧ ಎದ್ದೂ ನಿಂತಳು.

ಗುಬ್ಬಿ ನೋಡಿಯೂ ನೋಡದಂತೆ, ಒಂದೇ ಕೈಯಿಂದ, ಮಣಿಕಟ್ಟು ಮುರಿದಂತೆ ಬಗ್ಗಿಸಿ ಬಿಟ್ಟಳು. ಚೆಂಡು ಬಳೆಯನ್ನು ಸೋಕದೆ ಒಳಗಿಳಿಯಿತು. ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಮ್ಮೆ. ಮತ್ತೆರಡು ಹೆಜ್ಜೆ ಹಿಂದೆ, ಮತ್ತೊಮ್ಮೆ. ಜೊತೆಗಾತಿಯರು ಕೇಕೆ ಹಾಕಿದರು. ಐದನೆಯ ಎಸೆತವೂ ಒಳಗೆ ಬಿದ್ದಾಗ ರೆಫರಿ ಮೇಡಂ ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟು ಗುಬ್ಬಿಯ ಹತ್ತಿರ ನಡೆದು ಬಂದರು. ಮೆಟ್ಟಿಲಿನಿಂದ ಅಲ್ಲಿಗೆ ಹತ್ತು ಮಾರೂ ಇರಲಿಲ್ಲ, ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು.

“ಇದು ಎಷ್ಟನೇ ನಂಬರ್ ಗೊತ್ತಾ ಪುಟ್ಟಿ?”

“ಆರು. ನಮ್ಮನೇಲಿ ಇದೇ ಇರೋದು. ಐದು ನನಗೆ ಬಲೂನ್ ಥರ ಅನ್ಸುತ್ತೆ.”

“ಹೌದಾ? ಎಷ್ಟು ವಯಸ್ಸು ನಿನಗೆ?”

“ಹನ್ನೊಂದು.”

ಮೇಡಂ ಗುಬ್ಬಿಯ ಬಲಗೈ ಹಿಡಿದು, ಅಂಗೈ ಮೇಲು ಮಾಡಿ, ಬೆರಳುಗಳನ್ನು ನೋಡಿದರು. ಮೈ ಗುಬ್ಬಿಯದಾದರೂ ಬೆರಳು ಉದ್ದವಿದ್ದವು. “ಸರಿಯಾಗಿ ಗೊತ್ತಾ?”

“ಬೇಕಾದ್ರೆ ನಮ್ಮಮ್ಮನ್ನ ಕೇಳಿ,” ಎಂದು ಗುಬ್ಬಿ ಮೆಟ್ಟಿಲ ಕಡೆ ಬೆರಳು ತೋರಿಸಿದಳು. “ಅಲ್ಲಿ ಕೂತಿದಾಳೆ. ನಮ್ಮಮ್ಮ ಸುಳ್ಳು ಹೇಳಲ್ಲ.”

ರೆಫರಿ ತಲೆಯೆತ್ತಿ ನೋಡಿದರು. ತಾಯಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದಳು. ಮೇಡಂ ಕೇಳಲಿಲ್ಲ. ಮೇಜಿಗೆ ಮರಳಿ ಒಂದು ಚೀಟಿಯ ಮೇಲೆ ಏನೋ ಬರೆದರು.

“ಮುಖ ಸರಿ ಮಾಡ್ಕೋ ಅಕ್ಕ,” ಎಂದು ತಂಗಿ ಹಲ್ಲು ಕಚ್ಚಿಕೊಂಡೇ ಹೇಳಿದಳು. “ನಿನ್ನನ್ನ ನೋಡಿದ್ರೆ ನಾನೇ ಪೊಲೀಸರನ್ನ ಕರೀಬೇಕು ಅನ್ಸುತ್ತೆ.”

ಚೀಟಿ ಶಾಲೆಯ ತಂಡದ ಕೋಚ್ ಕೈಗೆ ಬಂತು, ಕೋಚ್ ಮೆಟ್ಟಿಲು ಹತ್ತಿ ಬಂದರು.

“ಗಾಬರಿ ಏನಿಲ್ಲಮ್ಮ. ಒಂದೊಂದು ತಂಡದಿಂದ ಇಬ್ಬಿಬ್ಬರಿಗೆ ಮಣಿಕಟ್ಟಿನ ಎಕ್ಸ್-ರೇ. ಮೂಳೆ ನೋಡಿ ವಯಸ್ಸು ಹೇಳ್ತಾರಂತೆ. ಎದುರಿಗಿನ ಕ್ಲಿನಿಕ್‌ನಲ್ಲೇ. ಆಟ ಎರಡು ಗಂಟೆಗೆ, ಅಷ್ಟರೊಳಗೆ ಮುಗಿಯುತ್ತೆ. ನಮ್ಮ ಗುಬ್ಬೀನ ದೊಡ್ಡವಳು ಅಂತ ಅನುಮಾನ ಪಟ್ಟಿದಾರಲ್ಲ, ನಗಬೇಕೋ ಅಳಬೇಕೋ!” ಎಂದು ತಾವೇ ನಕ್ಕರು. ನಂತರ ದನಿ ತಗ್ಗಿಸಿ, “ಹೋದ ವರ್ಷ ಒಂದು ಶಾಲೆಯವರು ಸಿಕ್ಕಿಬಿದ್ರು. ತಂಡಕ್ಕೆ ತಂಡವೇ ಹೊರಗೆ. ಆ ಹುಡುಗಿಗೆ ಎರಡು ವರ್ಷ ಚೆಂಡು ಮುಟ್ಟೋ ಹಾಗಿಲ್ಲ. ಎಲ್ಲರೂ ಅವಳನ್ನ ಕಳ್ಳಿ ಅಂತ ಕರೆದ್ರು, ಪಾಪ. ನಮಗ್ಯಾಕೆ ಆ ಚಿಂತೆ ಬಿಡಿ.”

ರಸ್ತೆ ದಾಟುವಾಗ ಗುಬ್ಬಿ ತಾಯಿಯ ಕೈ ಹಿಡಿದು ಕುಣಿಯುತ್ತಲೇ ಬಂದಳು. ಆ ಕೈಯ ಮಣಿಕಟ್ಟು ತಾಯಿಯ ಬೆರಳುಗಳ ನಡುವೆ ಇತ್ತು. ಬಿಸಿ, ತೆಳು, ಒಳಗೆ ಮೂಳೆ. ಏಳು ವರ್ಷದಿಂದ ತಾನು ನುಂಗಿಕೊಂಡ ಅಂಕಿ ಆ ಮೂಳೆಯೊಳಗೆ ಕೂತಿದೆ, ಯಾರೋ ಬೆಳಕು ಬಿಟ್ಟರೆ ಕಾಣುತ್ತದೆ. ಅವಳಿಗೆ ಆ ಕೈಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಓಡಿಬಿಡಬೇಕು ಅನ್ನಿಸಿತು.

ಕ್ಲಿನಿಕ್ಕಿನ ಓಣಿಯಲ್ಲಿ ಫಿನಾಯಿಲಿನ ವಾಸನೆ. ಗುಬ್ಬಿ ನೀರಿನ ಯಂತ್ರದ ಹತ್ತಿರ ಹೋದ ಕೂಡಲೇ ತಂಗಿ ಅಕ್ಕನ ಮೊಣಕೈ ಹಿಡಿದಳು.

“ಈಗಲೇ ಹೇಳ್ಬಿಡು ಅವಳಿಗೆ. ಫಿಲಂ ನೋಡಿ ಯಾರೋ ಡಾಕ್ಟರು ಹೇಳೋದಕ್ಕಿಂತ ನಿನ್ನ ಬಾಯಿಂದ ಕೇಳ್ಲಿ.”

“ಕೋಚ್ ಏನಂದ್ರು ಕೇಳ್ಲಿಲ್ವಾ? ಕಳ್ಳಿ ಅಂತಾರೆ.”

“ಇವಳೇನು ತಪ್ಪು ಮಾಡಿದಾಳೆ? ತಪ್ಪು ಮಾಡಿದೋಳು ನೀನು. ಎಲ್ಲರ ಮುಂದೆ ಒಪ್ಕೊಂಡು ಕರ್ಕೊಂಡು ಹೋಗು.”

“ಆಮೇಲೆ ಅವಳು ನನ್ನ ಮುಖ ನೋಡ್ತಾಳಾ?”

ತಂಗಿ ನೀರಿನ ಯಂತ್ರದ ಕಡೆ ತಿರುಗಿ ನೋಡಿದಳು.

“ಆವತ್ತು ವಾರ್ಡಿನ ಡಾಕ್ಟರು ಹೇಳಿದ್ರು,” ಎಂದು ತಾಯಿ ಪಿಸುಗುಟ್ಟಿದಳು. “ಕಾಯಿಲೆಯಿಂದ ಮೂಳೆ ಹಿಂದೆ ಬಿದ್ದಿದೆ ಅಂತ. ವಯಸ್ಸಿಗಿಂತ ಚಿಕ್ಕದು ಅಂತ. ಇನ್ನೂ ಹಾಗೇ ಇದ್ರೆ? ಹನ್ನೊಂದು ಅಂತಲೇ ಬಂದ್ರೆ?”

“ಬರದೇ ಇದ್ರೆ?”

ಅದನ್ನೇ ಅವಳೂ ಯೋಚಿಸುತ್ತಿದ್ದಳು. ಒಂದು ಕ್ಷಣ ಚಿಕ್ಕ ಮೂಳೆ, ಮರುಕ್ಷಣ ದೊಡ್ಡ ಮೂಳೆ. ಮಗಳ ಮೂಳೆ ಬೆಳೆಯದೆ ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಎಂದು ಅರಿವಾದಾಗ ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು. ಅದೇ ಮೂಳೆಗೆ ಹಾಲು, ಮೊಟ್ಟೆ, ಮಾತ್ರೆ ಎಂದು ಏಳು ವರ್ಷ ದುಡಿದವಳು.

ಬಾಗಿಲು ತೆರೆಯಿತು. ದಪ್ಪ ಏಪ್ರನ್ ತೊಟ್ಟ ಎಕ್ಸ್-ರೇಯವನು ಅರ್ಜಿ ಹಿಡಿದು ಬಂದ.

“ಮುಂದಿನವರು. ಮಗುವಿನ ವಯಸ್ಸು?”

“ಹನ್ನೊಂದು,” ಎಂದಳು ಗುಬ್ಬಿ, ಬಾಯಿಯ ನೀರು ಒರೆಸಿಕೊಳ್ಳುತ್ತ.

“ನಿನ್ನನ್ನಲ್ಲಮ್ಮ ಕೇಳಿದ್ದು. ಪೋಷಕರು ಹೇಳ್ಬೇಕು, ಕೆಳಗೆ ಸಹಿ ಹಾಕ್ಬೇಕು.”

“ಶಾಲೆಯ ಕಾಗದದಲ್ಲಿ ಇದೆಯಲ್ಲ,” ಎಂದಳು ತಾಯಿ. “ಅದನ್ನೇ ನೋಡ್ಕೊಳ್ಳಿ.”

“ಕಾಗದ ಮಾತಾಡಲ್ಲ ತಾಯಿ. ನೀವು ಹೇಳಿ, ನಾನು ಬರೀತೀನಿ.”

ತಾಯಿ ಪೆನ್ನು ತೆಗೆದುಕೊಂಡಳು. ಅದರ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ತಂಗಿ ಅವಳನ್ನೇ ನೋಡುತ್ತಿದ್ದಳು. ಗುಬ್ಬಿಯ ನಗು ಮೆಲ್ಲಗೆ ಕಡಿಮೆಯಾಯಿತು. ಅವಳು ತಾಯಿಯ ಮುಖ ನೋಡಿದಳು, ಚಿಕ್ಕಮ್ಮನ ಮುಖ ನೋಡಿದಳು, ಮತ್ತೆ ತಾಯಿಯ ಮುಖ.

“ಅಮ್ಮಾ? ಹೇಳು. ಯಾಕೆ ಸುಮ್ನಿದೀಯ?” ದನಿ ಸಣ್ಣಗಾಯಿತು. “ನನಗೆ ಹನ್ನೊಂದೇ ತಾನೇ?”

ಈ ಸಲ ಕೇಳಿದ್ದು ಗುಮಾಸ್ತನಲ್ಲ. ತಾಯಿಗೆ ಜಾರಿಕೊಳ್ಳಲು ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಬಾಗಿಲಿನಾಚೆ ಕತ್ತಲ ಕೋಣೆಯಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು.

“ಹೌದು ಕಂದಾ,” ಎಂದಳು. “ನಿನಗೆ ಹನ್ನೊಂದು.”

ಎಕ್ಸ್-ರೇಯವನು ಬರೆದುಕೊಂಡ. ತಾಯಿ ಸಹಿ ಹಾಕಿದಳು. ಗುಬ್ಬಿ ಉಸಿರುಬಿಟ್ಟು, ಅಂಗಿಯ ತೋಳು ಮೇಲೆ ಮಾಡಿಕೊಂಡು ಒಳಗೆ ಹೋದಳು.

ಮಕ್ಕಳ ವಾರ್ಡಿನಲ್ಲಿ ಕೊಟ್ಟ ಮಾತನ್ನು ತಾಯಿ ಮುರಿದಳು.